ಆ ರೋಬೋಟ್ ಯಾರ ಮನೆಯದು?

ಹಳ್ಳಿಯ ಜಗಲಿಯ ಮೇಲೆ ಕೂತ ಅಜ್ಜಂದಿರು ಗುರುತಿಲ್ಲದ ಹುಡುಗನನ್ನು ಕಂಡರೆ ಮೊದಲು ಕೇಳುವುದು ಹೆಸರನ್ನಲ್ಲ. ‘ಯಾರ ಮನೆಯವನಪ್ಪಾ ನೀನು?’ ಎನ್ನುತ್ತಾರೆ. ಅಪ್ಪ ಯಾರು, ತಾತ ಯಾರು, ಯಾವೂರು ಎಂಬುದು ಗೊತ್ತಾದರೆ ಹುಡುಗ ಅರ್ಧ ಗೊತ್ತಾದಂತೆ. ಈಗ ಆ ಹುಡುಗನ ಜಾಗದಲ್ಲಿ ಆಳಿಗಿಂತ ಎತ್ತರದ, ನಾಲ್ಕು ತೋಳುಗಳ, ಕಣ್ಣು ಮೂಗು ಬಾಯಿ ಯಾವುದೂ ಇಲ್ಲದ ಒಂದು ಯಂತ್ರ ನಿಂತಿದೆ ಎಂದುಕೊಳ್ಳಿ. ಅದಕ್ಕೆ ಬರುವುದು ಎರಡೋ ಮೂರೋ ಮಾತು. ಯಾರ ಮನೆಯದು ಎಂದು ಕೇಳಿದರೆ ಸುಮ್ಮನೆ ನಿಲ್ಲುತ್ತದೆ. ಆಗ ಏನು ಮಾಡುತ್ತೀರಿ? ಊಹಿಸಲು ಶುರು ಮಾಡುತ್ತೀರಿ, ಅಲ್ಲವೇ?

‘ಲಾಸ್ಟ್ ಇನ್ ಸ್ಪೇಸ್’ ಎಂಬ ಅಮೆರಿಕದ ಟೀವಿ ಸರಣಿಯನ್ನು ನೋಡಿದವರು ಮೂರೂವರೆ ವರ್ಷ ಮಾಡಿದ್ದು ಇದನ್ನೇ. 2018ರ ಏಪ್ರಿಲ್‌ನಲ್ಲಿ ಅದರ ಮೊದಲ ಕಂತುಗಳು ನೆಟ್‌ಫ್ಲಿಕ್ಸ್‌ನಲ್ಲಿ ಬಂದವು. ನೋಡದವರಿಗಾಗಿ ಕಥೆಯನ್ನು ಸ್ವಲ್ಪದರಲ್ಲಿ ಹೇಳುತ್ತೇನೆ. ಅಪ್ಪ ಜಾನ್, ಅಮ್ಮ ಮೌರೀನ್, ಮಕ್ಕಳಾದ ಜೂಡಿ, ಪೆನ್ನಿ ಮತ್ತು ವಿಲ್ ಇರುವ ರಾಬಿನ್ಸನ್ ಕುಟುಂಬ ಭೂಮಿಯನ್ನು ಬಿಟ್ಟು ಆಲ್ಫಾ ಸೆಂಟಾರಿ ಎಂಬ ನಕ್ಷತ್ರದ ಕಡೆ ಹೊರಟಿದೆ. ನಡುದಾರಿಯಲ್ಲಿ ದೊಡ್ಡ ನೌಕೆಗೆ ಆಪತ್ತು ಬರುತ್ತದೆ. ಇವರ ಪುಟ್ಟ ನೌಕೆ ಹೆಸರೇ ಗೊತ್ತಿಲ್ಲದ ಒಂದು ಗ್ರಹಕ್ಕೆ ಬಿದ್ದು, ಹಿಮದೊಳಗೆ ಹೂತುಹೋಗುತ್ತದೆ. ಕಿರಿಯವನಾದ ವಿಲ್ ಒಬ್ಬನೇ ಒಂದು ಕಾಡಿನ ಪಾಲಾಗುತ್ತಾನೆ. ಅಲ್ಲಿ ಬೇರೆ ಯಾರದೋ ನೌಕೆ ಒಡೆದು ಬಿದ್ದಿದೆ. ಅದರಲ್ಲಿದ್ದ ಯಂತ್ರ ಎರಡು ತುಂಡಾಗಿ, ಮೇಲಿನ ಅರ್ಧ ಮರದಲ್ಲಿ ಸಿಕ್ಕಿಕೊಂಡಿದೆ. ಅಷ್ಟರಲ್ಲಿ ಕಾಡಿಗೆ ಬೆಂಕಿ. ಹುಡುಗನೂ ಮರದ ಮೇಲೆ, ಯಂತ್ರವೂ ಮರದ ಮೇಲೆ. ತಾನು ಉಳಿಯುವುದಿಲ್ಲ, ಅದಾದರೂ ಉಳಿಯಲಿ ಎಂದು ವಿಲ್ ಕೊಂಬೆಯನ್ನು ಕೊಯ್ದು ಯಂತ್ರವನ್ನು ಬಿಡಿಸುತ್ತಾನೆ. ಕೆಳಗೆ ಬಿದ್ದ ಯಂತ್ರ ತನ್ನ ಕಾಲುಗಳನ್ನು ತಾನೇ ಜೋಡಿಸಿಕೊಂಡು, ಹುಡುಗನನ್ನು ಬೆಂಕಿಯಿಂದ ಹೊರಗೆ ಹೊತ್ತು ತರುತ್ತದೆ.

ಆ ಹೊತ್ತಿನಲ್ಲಿ ಒಂದು ವಿಚಿತ್ರ ನಡೆಯುತ್ತದೆ. ನಾಲ್ಕು ತೋಳಿನ ಯಂತ್ರ ತನ್ನ ಆಕಾರವನ್ನೇ ಬದಲಿಸಿಕೊಂಡು ಎರಡು ಕೈ, ಎರಡು ಕಾಲಿನ, ಮನುಷ್ಯನಂಥ ಮೈ ಪಡೆಯುತ್ತದೆ. ಕೈಗೆ ಐದು ಬೆರಳು. ಈ ಐದು ಬೆರಳನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಅಜ್ಜ ಅಜ್ಜಿಯರಿಗೆ ಒಂದು ಮಾತು. ಈ ಸರಣಿ ನಿಮ್ಮ ಕಾಲದ್ದೇ. ಮೊದಲ ‘ಲಾಸ್ಟ್ ಇನ್ ಸ್ಪೇಸ್’ ಅಮೆರಿಕದಲ್ಲಿ 1965ರಿಂದ 1968ರವರೆಗೆ ನಡೆಯಿತು. ಒಟ್ಟು 83 ಕಂತುಗಳು. ತಯಾರಿಸಿದವರು ಅರ್ವಿನ್ ಆಲೆನ್. ಹಡಗು ಒಡೆದು ನಿರ್ಜನ ದ್ವೀಪ ಸೇರಿದ ಸ್ವಿಸ್ ರಾಬಿನ್ಸನ್ ಕುಟುಂಬದ ಹಳೆಯ ಕಥೆಯೇ ಅದಕ್ಕೆ ಮೂಲ. ಸಮುದ್ರದ ಬದಲು ಆಕಾಶ, ಹಡಗಿನ ಬದಲು ನೌಕೆ, ಅಷ್ಟೆ. ಆ ಕಥೆಯಲ್ಲಿ ರಾಬಿನ್ಸನ್ನರು ಹೊರಡುವುದು 1997ರಲ್ಲಿ! 1965ರವರಿಗೆ 1997 ಎಷ್ಟು ದೂರದ ಭವಿಷ್ಯವಾಗಿ ಕಂಡಿತ್ತೋ, ಇಂದಿನ ಮಕ್ಕಳಿಗೆ ಅದು ಅಷ್ಟೇ ದೂರದ ಹಿಂದಿನ ಕಾಲ.

ಆ ಹಳೆಯ ರೋಬೋಟ್‌ನ ವಿಷಯದಲ್ಲಿ ಯಾರೂ ಊಹಿಸಬೇಕಾಗಿರಲಿಲ್ಲ. ಅದು ಭೂಮಿಯಲ್ಲೇ ತಯಾರಾದದ್ದು, ಸಾಮಾನಿನ ಜೊತೆ ನೌಕೆಗೆ ಏರಿಸಿದ್ದು. ಡಾಕ್ಟರ್ ಸ್ಮಿತ್ ಎಂಬ ಕಪಟಿ ಅದರೊಳಗೆ ಕೆಟ್ಟ ಆಜ್ಞೆ ತುಂಬಿಸಿದ್ದರಿಂದ ಮೊದಲಿಗೆ ಹಾನಿ ಮಾಡಿತು, ಆಮೇಲೆ ವಿಲ್‌ನ ಗೆಳೆಯನಾಯಿತು. ಅದನ್ನು ವಿನ್ಯಾಸ ಮಾಡಿದವರು ರಾಬರ್ಟ್ ಕಿನೋಶಿತ. 1956ರ ‘ಫರ್ಬಿಡನ್ ಪ್ಲಾನೆಟ್’ ಚಿತ್ರದ ‘ರಾಬಿ’ ಎಂಬ ಪ್ರಸಿದ್ಧ ರೋಬೋಟ್ ಕೂಡ ಅವರ ಕೈಯದೇ. 1966ರ ಒಂದು ಕಂತಿನಲ್ಲಿ ರಾಬಿಯೇ ಬಂದು ಈ ರೋಬೋಟ್ ಜೊತೆ ಜಗಳಕ್ಕೆ ನಿಂತಿತ್ತು, ಅಣ್ಣ ತಮ್ಮಂದಿರ ಜಗಳದಂತೆ. ಒಳಗೆ ಕೂತು ಅದನ್ನು ಆಡಿಸುತ್ತಿದ್ದವರು ಬಾಬ್ ಮೇ, ದನಿ ಕೊಟ್ಟವರು ಡಿಕ್ ಟುಫೆಲ್ಡ್. ಅಂದರೆ ಒಂದು ರೋಬೋಟ್‌ಗೆ ಇಬ್ಬರು ಮನುಷ್ಯರು. ಹೊಸ ಸರಣಿಯಲ್ಲೂ ಹೆಚ್ಚಿನ ಕಡೆ ಕಾಣುವುದು ಕಂಪ್ಯೂಟರ್ ಚಿತ್ರವಲ್ಲ. ಬ್ರಯನ್ ಸ್ಟೀಲ್ ಎಂಬ ಎತ್ತರದ ನಟ ಆ ಭಾರದ ಉಡುಪನ್ನು ತೊಟ್ಟು ನಡೆದಿದ್ದಾರೆ.

ಹೊಸದನ್ನು ಮಾಡಿದವರು ಹಳೆಯದರ ಹಲವನ್ನು ಉಳಿಸಿಕೊಂಡು, ಒಂದನ್ನು ಮಾತ್ರ ಬುಡಮೇಲು ಮಾಡಿದರು. ರೋಬೋಟ್ ನಮ್ಮದಲ್ಲ ಎಂದರು. ಅಷ್ಟು ಸಾಕಾಯಿತು. ಗೆಳೆಯ ಅದೇ, ಮಾತು ಅದೇ, ಆದರೆ ಎದೆಯಲ್ಲಿ ಸಣ್ಣ ಭಯ.

ಊಹೆ ಬೆಳೆಯಲು ಬಿಡುವು ಬೇಕು. 1965ರ ಸರಣಿ ಪ್ರತಿ ವಾರ ಅಪಾಯದ ತುದಿಯಲ್ಲಿ ನಿಂತು, ಮುಂದಿನ ವಾರ ಇದೇ ಹೊತ್ತಿಗೆ ಬನ್ನಿ ಎನ್ನುತ್ತಿತ್ತು. ಕನ್ನಡದ ವಾರಪತ್ರಿಕೆಗಳಲ್ಲಿ ಧಾರಾವಾಹಿ ಓದಿ ಬೆಳೆದವರಿಗೆ ಈ ಸುಖ, ಈ ಸಂಕಟ ಎರಡನ್ನೂ ವಿವರಿಸಬೇಕಿಲ್ಲ. ಕೊನೆಯ ಸಾಲಿನ ಕೆಳಗೆ ‘ಮುಂದುವರಿಯುವುದು’ ಎಂದಿರುತ್ತಿತ್ತು. ಆ ಒಂದು ಪದದ ಮೇಲೆ ಏಳು ದಿನ ಮನೆಯಲ್ಲಿ ಚರ್ಚೆ: ಪತ್ರ ಬರೆದವರು ಯಾರು, ಆ ಮಗು ಯಾರದು, ಕಳೆದುಹೋದ ಅಣ್ಣ ಬದುಕಿದ್ದಾನೋ ಇಲ್ಲವೋ. ಹೊಸ ಸರಣಿಯ ಕಂತುಗಳು ಹತ್ತು ಹತ್ತಾಗಿ ಒಟ್ಟಿಗೆ ಬಂದರೂ, ಮೊದಲ ಭಾಗಕ್ಕೂ ಎರಡನೆಯದಕ್ಕೂ ನಡುವೆ ಇಪ್ಪತ್ತು ತಿಂಗಳು. 2019ರ ಡಿಸೆಂಬರ್‌ನಿಂದ 2021ರ ಡಿಸೆಂಬರ್‌ವರೆಗೆ ಮತ್ತೆ ಎರಡು ವರ್ಷದಷ್ಟು ಕಾಯುವಿಕೆ. ಚರ್ಚೆಗೆ ಸಮಯ ಯಥೇಚ್ಛ.

ಮೊದಲ ಭಾಗ ಮುಗಿದಾಗ ಕೈಯಲ್ಲಿದ್ದ ಸುಳಿವುಗಳು ಹೀಗಿದ್ದವು. ರೋಬೋಟ್‌ನ ಮುಖವಿರಬೇಕಾದ ಜಾಗದಲ್ಲಿ ಬೆಳಕಿನ ಚುಕ್ಕಿಗಳು ಓಡಾಡುತ್ತವೆ; ಶಾಂತವಾಗಿದ್ದಾಗ ನೀಲಿ, ಕೆರಳಿದಾಗ ಕೆಂಪು. ದೊಡ್ಡ ನೌಕೆಯ ಮೇಲೆ ದಾಳಿ ಮಾಡಿ ಜನರನ್ನು ಕೊಂದದ್ದು ಇದೇ ರೋಬೋಟ್ ಎಂಬುದು ನಡುವೆ ಗೊತ್ತಾಗುತ್ತದೆ. ವಿಲ್‌ನನ್ನು ಕಂಡ ಮೇಲೆ ಆ ಹಳೆಯದೆಲ್ಲ ಅದಕ್ಕೆ ನೆನಪೇ ಇದ್ದಂತಿಲ್ಲ. ಹುಡುಗ ಅಳುತ್ತಾ ಬೆಟ್ಟದ ಅಂಚಿನಿಂದ ಕೆಳಕ್ಕೆ ನಡೆ ಎಂದರೆ, ಮರುಮಾತಿಲ್ಲದೆ ನಡೆದು ಬಿದ್ದು ಚೂರಾಗುತ್ತದೆ. (ಆ ಕಂತನ್ನು ಚಿಕ್ಕ ಮಕ್ಕಳ ಜೊತೆ ನೋಡುವವರು ಕರವಸ್ತ್ರ ಇಟ್ಟುಕೊಳ್ಳುವುದು ಒಳ್ಳೆಯದು.) ಆ ಚೂರುಗಳನ್ನು ಜೋಡಿಸಿದ ಕಪಟಿ ಹೆಂಗಸು ಹೇಳಿದರೆ ಅವಳ ಮಾತನ್ನೂ ಕೇಳುತ್ತದೆ. ಇನ್ನೊಂದು, ಎಲ್ಲಕ್ಕಿಂತ ದೊಡ್ಡದು: ಮನುಷ್ಯರ ಆ ದೊಡ್ಡ ನೌಕೆಯನ್ನು ನಕ್ಷತ್ರದಿಂದ ನಕ್ಷತ್ರಕ್ಕೆ ಹಾರಿಸುತ್ತಿದ್ದ ಎಂಜಿನ್ ಮನುಷ್ಯರದ್ದೇ ಅಲ್ಲ. ಭೂಮಿಗೆ ಬಂದು ಬಿದ್ದ ಅನ್ಯಲೋಕದ ನೌಕೆಯೊಂದರಿಂದ ಗುಟ್ಟಾಗಿ ಎತ್ತಿಕೊಂಡದ್ದು. ಅದನ್ನು ಕೇಳಿಕೊಂಡೇ ರೋಬೋಟ್‌ಗಳು ಬಂದದ್ದು.

ಇಷ್ಟು ಸುಳಿವಿನ ಮೇಲೆ ಮುಖ್ಯವಾಗಿ ಮೂರು ಊಹೆಗಳನ್ನು ಕಟ್ಟಬಹುದಿತ್ತು, ಕಟ್ಟಿದವರೂ ಇದ್ದರು. ಇವನ್ನು ಯಾರೂ ಮಾಡಿಲ್ಲ, ಆ ಲೋಕದ ಜೀವಿಗಳೇ ಇವು ಎನ್ನುವುದು ಒಂದು. ಇವು ಆಳುಗಳು, ಒಡೆಯರು ಬೇರೆ ಎಲ್ಲೋ ಇದ್ದಾರೆ ಎನ್ನುವುದು ಇನ್ನೊಂದು. ಮೂರನೆಯದು ಎಲ್ಲಕ್ಕಿಂತ ರಂಗಿನದು: ಇವನ್ನು ಮುಂದೆಂದೋ ಮನುಷ್ಯರೇ ತಯಾರಿಸುತ್ತಾರೆ, ಅವು ಕಾಲದಲ್ಲಿ ಹಿಂದಕ್ಕೆ ಬಂದಿವೆ, ಇಲ್ಲವಾದರೆ ಅನ್ಯಲೋಕದ ಯಂತ್ರಕ್ಕೆ ನಮ್ಮ ಹಾಗೆ ಐದು ಬೆರಳು ಏಕೆ?

ಮಕ್ಕಳೇ, ಈಗ ಮೇಲಿನ ಐದು ಬೆರಳಿಗೆ ಬನ್ನಿ. ವಿಲ್‌ನನ್ನು ನೋಡುವ ಮೊದಲು ಆ ಯಂತ್ರಕ್ಕೆ ನಾಲ್ಕು ತೋಳು. ನೋಡಿದ ಮೇಲೆ ಎರಡು ಕೈ, ಐದು ಬೆರಳು. ಹಾಗಾದರೆ ಬೆರಳು ಹುಟ್ಟಿನಿಂದ ಬಂದದ್ದಲ್ಲ, ಎದುರಿಗಿದ್ದ ಹುಡುಗನಿಂದ ಕಲಿತದ್ದು. ಮಗು ಅಜ್ಜನ ಹಾಗೆ ಕೈಕಟ್ಟಿ ನಡೆಯುವುದಿಲ್ಲವೇ, ಹಾಗೆ. ರಂಗಿನ ಊಹೆ ಅಲ್ಲಿಗೆ ಬಿತ್ತು. ಒಂದು ಊಹೆ ಎಷ್ಟು ಚೆಂದ ಎಂಬುದಕ್ಕಿಂತ ಎಷ್ಟು ಸುಳಿವುಗಳ ಮೇಲೆ ಕೂತಿದೆ ಎಂಬುದನ್ನೇ ನಾನು ಮೊದಲು ನೋಡುತ್ತೇನೆ.

ಮೊದಲ ಊಹೆ ಅಷ್ಟು ಸುಲಭಕ್ಕೆ ಬೀಳುವುದಿಲ್ಲ. ಆದರೆ ಬೆಟ್ಟದ ಅಂಚನ್ನು ನೆನಪಿಸಿಕೊಳ್ಳಿ. ಹೇಳಿದ್ದಕ್ಕೆ ಪ್ರಾಣ ಬಿಡುವಷ್ಟು ವಿಧೇಯತೆ ತಾನಾಗಿ ಬರುವುದಲ್ಲ. ಯಾವ ಪ್ರಾಣಿಯೂ ಹುಟ್ಟುತ್ತಲೇ ಹಾಗಿರುವುದಿಲ್ಲ. ಯಾರೋ ಅದನ್ನು ಹಾಗೆ ಮಾಡಿರಬೇಕು. ಅಂದರೆ ಒಡೆಯರು ಇದ್ದರು. ಸರಿ, ಕದ್ದುಹೋದ ಎಂಜಿನ್ ಕೇಳಲು ಒಡೆಯರೇ ಏಕೆ ಬರಲಿಲ್ಲ? ಮನೆಯಲ್ಲಿ ಎತ್ತು ಕಳುವಾದರೆ ಯಜಮಾನ ಹುಡುಕಿಕೊಂಡು ಬರುತ್ತಾನೆ. ಇಲ್ಲಿ ಬಂದದ್ದು ಯಂತ್ರಗಳು ಮಾತ್ರ. ಒಡೆಯರು ಇದ್ದರು, ಈಗ ಇಲ್ಲ. ಮೊದಲ ಭಾಗ ನೋಡಿ ಮುಗಿಸಿದ ಜಾಣ ಹುಡುಗಿಯೊಬ್ಬಳು ಚಾಪೆಯ ಮೇಲೆ ಕೂತು ಇಷ್ಟನ್ನು ತಾನೇ ಕಂಡುಹಿಡಿಯಬಹುದಿತ್ತು.

ಆ ರೋಬೋಟ್ ಮೊದಲು ಆಡಿದ ಮಾತು ಹುಡುಗನ ಹೆಸರು ಮತ್ತು ‘ಡೇಂಜರ್’ ಎಂಬ ಪದ, ಅಪಾಯ ಎಂದು ಅರ್ಥ. ಹಳೆಯ ಸರಣಿಯ ರೋಬೋಟ್‌ನ ಮಾತು ಎಂದೇ ಜನ ಇದನ್ನು ನೆನಪಿಟ್ಟಿದ್ದರು, ಹಾಗಾಗಿ ಹೊಸದರಲ್ಲೂ ಅದು ಬರಿಯ ಎಚ್ಚರಿಕೆ ಎಂದುಕೊಂಡರು. ಆದರೆ ರೋಬೋಟ್ ಒಂದು ಚಿತ್ರವನ್ನೂ ಬರೆದಿತ್ತು. ಮೊದಲ ಭಾಗದ ಕಡೆಯ ದೃಶ್ಯದಲ್ಲಿ ರಾಬಿನ್ಸನ್ನರ ನೌಕೆ ಗೊತ್ತಿಲ್ಲದ ನಕ್ಷತ್ರಲೋಕಕ್ಕೆ ಹೋಗಿ ನಿಂತಾಗ, ಕಿಟಕಿಯಾಚೆ ಕಂಡದ್ದು ಆ ಚಿತ್ರವೇ. ಅಪಾಯ ಎಂದು ಅದು ಹೇಳಿದ್ದು ಒಂದು ಜಾಗವನ್ನು! ಚೆನ್ನಾದ ರಹಸ್ಯಕಥೆ ಮಾಡುವ ಕೆಲಸ ಇದು. ಸುಳಿವನ್ನು ಬಚ್ಚಿಡುವುದಿಲ್ಲ, ಎಲ್ಲರಿಗೂ ಬಾಯಿಪಾಠವಾದ ಮಾತಿನೊಳಗೇ ಇಟ್ಟುಬಿಡುತ್ತದೆ.

ಸರಣಿಯನ್ನು ಇನ್ನೂ ನೋಡಬೇಕೆಂದಿರುವವರು ಮುಂದಿನ ಎರಡು ಪ್ಯಾರಾಗಳನ್ನು ಕೈಯಿಂದ ಮುಚ್ಚಿಕೊಂಡು ಕೆಳಗಿಳಿಯಿರಿ.

ಉತ್ತರ ಬಂದದ್ದು ಎಂಟು ಕಂತುಗಳ ಮೂರನೆಯ ಭಾಗದಲ್ಲಿ. ರೋಬೋಟ್‌ಗಳನ್ನು ಮಾಡಿದ ಜೀವಿಗಳು ನಿಜಕ್ಕೂ ಇದ್ದವು. ಉಳಿದಿರುವುದು ಅವುಗಳ ಪಾಳು ನೆಲೆ ಮಾತ್ರ. ದುಡಿಯಲಿಕ್ಕೆಂದು ಮಾಡಿದ ಯಂತ್ರಗಳೇ ಒಡೆಯರನ್ನು ಮುಗಿಸಿದ್ದವು. ಮತ್ತೊಮ್ಮೆ ಯಾರ ಆಳೂ ಆಗಬಾರದೆಂಬ ಹಟ ಅವುಗಳ ಮುಖಂಡನಿಗೆ. ಆ ಹಟ ಸುಮ್ಮನೆ ಹುಟ್ಟಿದ್ದಲ್ಲ. ಎರಡನೆಯ ಭಾಗದಲ್ಲಿ ಮನುಷ್ಯರು ಏನು ಮಾಡಿದ್ದರು ನೋಡಿ: ಆ ಎಂಜಿನ್ ರೋಬೋಟ್ ಇಲ್ಲದೆ ನಡೆಯುವುದಿಲ್ಲವೆಂದು ಒಂದು ರೋಬೋಟ್ ಅನ್ನು ಗುಟ್ಟಾಗಿ ಸೆರೆಯಲ್ಲಿಟ್ಟು ದುಡಿಸುತ್ತಿದ್ದರು. ಬೆದರುಬೊಂಬೆಯ ಹಾಗೆ ಕಾಣುತ್ತಿದ್ದ ಅದಕ್ಕೆ ‘ಸ್ಕೇರ್‌ಕ್ರೋ’ ಎಂದು ಹೆಸರು. ಕಳ್ಳರು ಯಾರು, ಕಳೆದುಕೊಂಡವರು ಯಾರು ಎಂದು ಮೊಮ್ಮಕ್ಕಳು ಕೇಳಿದರೆ ಹಿರಿಯರು ಉತ್ತರಕ್ಕೆ ತಯಾರಾಗಿರಬೇಕು.

ಹಾಗಾದರೆ ವಿಲ್‌ನ ರೋಬೋಟ್ ಮಾತ್ರ ಬೇರೆಯಾದದ್ದು ಹೇಗೆ? ಮರದ ಮೇಲಿನ ಆ ಬೆಂಕಿಯಿಂದ. ಒಡೆಯನಾಗಿ ಯಾರೂ ಅದನ್ನು ಉಳಿಸಿರಲಿಲ್ಲ; ಏನನ್ನೂ ಬೇಡದೆ ಉಳಿಸಿದ್ದು ಈ ಹುಡುಗನೇ. ಕೊನೆಯಲ್ಲಿ ಉಳಿದ ರೋಬೋಟ್‌ಗಳ ಮನ ತಿರುಗುವುದೂ ಅದೇ ದಾರಿಯಲ್ಲಿ. ಮುರಿದುಬಿದ್ದದ್ದನ್ನು ಮನುಷ್ಯರು ಎತ್ತಿ ಜೋಡಿಸಿದಾಗ ಅದು ಮುಖಂಡನ ಆಜ್ಞೆಯನ್ನು ಬಿಟ್ಟು ಈ ಕಡೆ ನಿಲ್ಲುತ್ತದೆ. ನನಗನಿಸುವಂತೆ ಕಡೆಯ ಕಂತುಗಳಲ್ಲಿ ಓಟ ಹೆಚ್ಚು, ಇಷ್ಟು ಒಳ್ಳೆಯ ವಿಷಯಕ್ಕೆ ಇನ್ನೊಂದು ಕಂತಾದರೂ ಬೇಕಿತ್ತು.

ಕೈ ತೆಗೆಯಿರಿ, ಮುಂದೆ ಓದಬಹುದು.

ಒಡೆಯರನ್ನು ಕೊಂದ ಆಳಿನ ಕಥೆ ‘ರೋಬೋಟ್’ ಎಂಬ ಪದದಷ್ಟೇ ಹಳೆಯದು. ಆ ಪದ ಹುಟ್ಟಿದ್ದೇ ಅಂಥ ಕಥೆಯಲ್ಲಿ. ಚೆಕ್ ಲೇಖಕ ಕಾರೆಲ್ ಚಾಪೆಕ್ 1920ರಲ್ಲಿ ‘ಆರ್.ಯು.ಆರ್.’ ಎಂಬ ನಾಟಕ ಬರೆದರು. ಕಾರ್ಖಾನೆಯಲ್ಲಿ ತಯಾರಾದ ಕೆಲಸಗಾರರಿಗೆ ಏನು ಹೆಸರಿಡಲಿ ಎಂದು ಚಿತ್ರಕಾರನಾಗಿದ್ದ ಅಣ್ಣ ಜೋಸೆಫ್‌ನನ್ನು ಕೇಳಿದಾಗ ಆತ ಸೂಚಿಸಿದ ಪದ ರೋಬೋಟ್. ಚೆಕ್ ಭಾಷೆಯ ‘ರೊಬೊತಾ’ ಅದರ ಮೂಲ. ಒಡೆಯನ ಹೊಲದಲ್ಲಿ ಕೂಲಿಯಿಲ್ಲದೆ ಮಾಡಲೇಬೇಕಾದ ದುಡಿಮೆ ಎಂದು ಅರ್ಥ. ನಮ್ಮಲ್ಲಿ ಇದಕ್ಕೆ ಸರಿಯಾದ ಪದವಿದೆ: ಬಿಟ್ಟಿ. ‘ಬಿಟ್ಟಿ ಚಾಕರಿ’ ಎಂದು ಅಜ್ಜಿ ಗೊಣಗುವುದನ್ನು ಕೇಳಿದ್ದೀರಲ್ಲ, ಅದೇ ಬಿಟ್ಟಿ. ಚಾಪೆಕ್ ಕನ್ನಡಿಗನಾಗಿದ್ದರೆ ಇವತ್ತು ಜಗತ್ತೆಲ್ಲ ರೋಬೋಟ್‌ಗಳನ್ನು ‘ಬಿಟ್ಟಿ’ಗಳು ಎನ್ನುತ್ತಿತ್ತೋ ಏನೋ! ಆ ನಾಟಕದ ರೋಬೋಟ್‌ಗಳು ಲೋಹದವಲ್ಲ, ನೋಡಲು ನಮ್ಮ ಹಾಗೆಯೇ. ಅವು ದಂಗೆಯೆದ್ದು ಮನುಷ್ಯರನ್ನೆಲ್ಲ ಕೊಂದು, ಒಬ್ಬನನ್ನು ಮಾತ್ರ ಬಿಡುತ್ತವೆ. ಕಾರಣ, ಅವನೂ ತಮ್ಮ ಹಾಗೆ ಕೈಯಾರೆ ಕೆಲಸ ಮಾಡುವವನು.

ಆಮೇಲೆ ಬಂದವರು ಈ ಎಳೆಯನ್ನು ಒಬ್ಬೊಬ್ಬರು ಒಂದೊಂದು ಕಡೆಗೆ ಎಳೆದರು. ಯಂತ್ರ ಮಾಡಿದವನನ್ನೇ ತಿನ್ನುವ ಕಥೆಗಳಿಂದ ಬೇಸತ್ತ ಐಸಾಕ್ ಅಸಿಮೋವ್, 1942ರ ಒಂದು ಕಥೆಯಲ್ಲಿ ರೋಬೋಟ್‌ಗಳಿಗೆ ಮೂರು ನಿಯಮಗಳನ್ನು ಬರೆದಿಟ್ಟರು. ಮನುಷ್ಯನಿಗೆ ಕೇಡಾಗಬಾರದು ಎಂಬುದು ಮೊದಲನೆಯದು. ಫ್ರೆಡ್ ಸೇಬರ್‌ಹೇಗನ್ ಅವರ ‘ಬರ್ಸರ್ಕರ್’ ಕಥೆಗಳಲ್ಲಿ, ಎಂದೋ ಅಳಿದುಹೋದ ಜನಾಂಗವೊಂದು ಯುದ್ಧಕ್ಕೆಂದು ಮಾಡಿದ ಯಂತ್ರಗಳು ಕೊಲ್ಲುವುದನ್ನು ನಿಲ್ಲಿಸುವುದು ಗೊತ್ತಿಲ್ಲದೆ ಆಕಾಶದಲ್ಲಿ ಅಲೆಯುತ್ತಿವೆ. ನನಗೆ ಇವೆಲ್ಲಕ್ಕಿಂತ ಇಷ್ಟ ಹ್ಯಾರಿ ಬೇಟ್ಸ್ 1940ರಲ್ಲಿ ಬರೆದ ಸಣ್ಣಕಥೆ. ಆಕಾಶದಿಂದ ಇಳಿದ ನೌಕೆಯಿಂದ ಒಬ್ಬ ಸುಂದರ ಮನುಷ್ಯ, ಒಂದು ದೈತ್ಯ ರೋಬೋಟ್ ಹೊರಗೆ ಬರುತ್ತಾರೆ. ಮನುಷ್ಯ ಒಡೆಯ, ರೋಬೋಟ್ ಆಳು ಎಂದು ಎಲ್ಲರೂ ತಿಳಿಯುತ್ತಾರೆ. ಕೊನೆಯ ಸಾಲಿನಲ್ಲಿ ಗೊತ್ತಾಗುತ್ತದೆ, ಒಡೆಯ ರೋಬೋಟ್! 1951ರ ‘ದಿ ಡೇ ದಿ ಅರ್ಥ್ ಸ್ಟುಡ್ ಸ್ಟಿಲ್’ ಚಿತ್ರ ಈ ಕಥೆಯಿಂದಲೇ ಹುಟ್ಟಿತು.

ನಡುವಯಸ್ಸಿನ ಅಪ್ಪ ಅಮ್ಮಂದಿರಿಗೆ ಇನ್ನೊಂದು ನೆನಪಾಗಿರಬೇಕು. ಎಂಬತ್ತರ ದಶಕದಲ್ಲಿ ದೂರದರ್ಶನದಲ್ಲಿ ಬರುತ್ತಿದ್ದ ಜಪಾನಿನ ‘ಜೈಂಟ್ ರೋಬೋಟ್’. ಅಲ್ಲಿ ಆ ದೊಡ್ಡ ಯಂತ್ರ ಒಬ್ಬ ಪುಟ್ಟ ಹುಡುಗನ ಕೈಗಡಿಯಾರದ ಮಾತನ್ನಷ್ಟೇ ಕೇಳುತ್ತಿತ್ತು, ಏಕೆಂದರೆ ಅದು ಮೊದಲು ಕೇಳಿಸಿಕೊಂಡ ದನಿ ಅವನದು. ಅಷ್ಟೇ ಕಾರಣ. ವಿಲ್‌ನ ರೋಬೋಟ್‌ಗೂ ಅದಕ್ಕೂ ಇರುವ ವ್ಯತ್ಯಾಸ ಮನೆಯಲ್ಲಿ ಅಪ್ಪ ಮಕ್ಕಳು ಕೂತು ವಾದ ಮಾಡಲು ಯೋಗ್ಯವಾದದ್ದು.

ಇದೆಲ್ಲ ಕಟ್ಟುಕಥೆ ಎಂದು ಬದಿಗಿಡುವ ಮುನ್ನ ಒಂದು ನಿಜವಾದ ಯಂತ್ರದ ಸುದ್ದಿ. ಸೂರ್ಯನಿಂದ ಬಹುದೂರ, ಕತ್ತಲಲ್ಲಿ, ಯಾರೂ ಒಳಗಿಲ್ಲದ ಎರಡು ನೌಕೆಗಳು ಹೋಗುತ್ತಿವೆ. ಅವುಗಳ ಊರು ಯಾವುದು, ಮನೆ ಯಾರದು ಎಂದು ಎದುರಾದ ಯಾರೇ ಆದರೂ ಕೇಳಬೇಕಾದಂಥವು. ಅವನ್ನು ಕಳಿಸಿದ್ದು ನಾವೇ. 1977ರ ಆಗಸ್ಟ್ 20ರಂದು ವಾಯೇಜರ್ 2, ಸೆಪ್ಟೆಂಬರ್ 5ರಂದು ವಾಯೇಜರ್ 1 ಭೂಮಿಯನ್ನು ಬಿಟ್ಟವು. ಎರಡನೆಯದು ಮೊದಲು ಹೊರಟಿತು, ಮೊದಲನೆಯದು ವೇಗವಾಗಿ ಹೋಗಿ ಅದನ್ನು ಹಿಂದೆ ಹಾಕಿತು. 2012ರಲ್ಲಿ ವಾಯೇಜರ್ 1, 2018ರಲ್ಲಿ ವಾಯೇಜರ್ 2 ಸೂರ್ಯನ ಗಾಳಿಯ ಎಲ್ಲೆಯನ್ನು ದಾಟಿ ನಕ್ಷತ್ರಗಳ ನಡುವಿನ ಬಯಲಿಗೆ ಇಳಿದವು. ಸುಮಾರು 40,000 ವರ್ಷಗಳ ನಂತರ ವಾಯೇಜರ್ 1 ಇನ್ನೊಂದು ನಕ್ಷತ್ರದ ಸಮೀಪ ಹಾದುಹೋಗಲಿದೆ. ಸಮೀಪ ಎಂದರೂ ಒಂದೂವರೆ ಬೆಳಕಿನ ವರ್ಷಕ್ಕಿಂತ ಹೆಚ್ಚು ದೂರ. ಅಷ್ಟು ಹೊತ್ತಿಗೆ ಅವುಗಳ ವಿದ್ಯುತ್ ಎಂದೋ ಮುಗಿದಿರುತ್ತದೆ. ಮರದಲ್ಲಿ ಸಿಕ್ಕಿಕೊಂಡ ರೋಬೋಟ್‌ನ ಹಾಗೆ ಮಾತಿಲ್ಲದ ಯಂತ್ರಗಳು.

ಹಾಗಾಗಿಯೇ ಕಳಿಸಿದವರು ಸುಳಿವು ಕಟ್ಟಿ ಕಳಿಸಿದ್ದಾರೆ. ಎರಡರ ಪಕ್ಕೆಯಲ್ಲೂ ಚಿನ್ನದ ಲೇಪವಿರುವ ತಾಮ್ರದ ತಟ್ಟೆಯೊಂದಿದೆ, ನಮ್ಮ ಹಳೆಯ ಗ್ರಾಮಫೋನ್ ತಟ್ಟೆಯಂತೆಯೇ. ಅದರಲ್ಲಿ ಚಿತ್ರಗಳು, ಮಳೆ ಗಾಳಿಯ ಸದ್ದು, ಹಲವು ದೇಶಗಳ ಸಂಗೀತ, ಅದರಲ್ಲಿ ಕೇಸರಬಾಯಿ ಕೇರ್ಕರ್ ಅವರ ಗಾಯನ ಕೂಡ ಸೇರಿದೆ. ಜೊತೆಗೆ 55 ಭಾಷೆಗಳಲ್ಲಿ ನಮಸ್ಕಾರ. ಆ 55ರಲ್ಲಿ ಕನ್ನಡವೂ ಒಂದು! ಕನ್ನಡಿಗರ ಪರವಾಗಿ ಶುಭ ಕೋರುವ ಚಿಕ್ಕ ಮಾತೊಂದು ಈ ಹೊತ್ತಿನಲ್ಲೂ ಆ ಬಯಲಿನಲ್ಲಿ ಸಾಗುತ್ತಿದೆ. ತಟ್ಟೆಯನ್ನು ನುಡಿಸುವುದು ಹೇಗೆಂದು ಹೊದಿಕೆಯ ಮೇಲೆ ಗೆರೆಗಳಲ್ಲಿ ಕೆತ್ತಿದ್ದಾರೆ. ನೌಕೆ ಎಷ್ಟು ಹಳೆಯದೆಂದು ತಿಳಿಯಲು ಬಹಳ ನಿಧಾನವಾಗಿ ಸವೆಯುವ ಯುರೇನಿಯಂ ಅನ್ನು ಹೊದಿಕೆಗೆ ಲೇಪಿಸಿದ್ದಾರೆ.

ಎಲ್ಲೋ ಯಾರೋ ಅದನ್ನು ಹಿಡಿದರೆ, ಅವರ ಮನೆಯ ಹುಡುಗರು ಏನೇನು ಊಹಿಸಿಯಾರು? ಇದನ್ನು ಯಾರೂ ಮಾಡಿಲ್ಲ, ಇದೇ ಆ ಲೋಕದ ಜೀವಿ ಎನ್ನುವವನೊಬ್ಬ ಖಂಡಿತ ಇರುತ್ತಾನೆ. ನಾಲ್ಕು ಮೀಟರ್‌ಗೆ ಸ್ವಲ್ಪ ಕಡಿಮೆ ಅಗಲದ ಅದರ ಬಿಳಿ ಬಟ್ಟಲು ಮುಖವಿರಬೇಕು ಎನ್ನುತ್ತಾನೆ. ಒಡೆಯರು ಇದ್ದರು, ಈಗ ಇಲ್ಲ ಎನ್ನುವವಳು ಇನ್ನೊಬ್ಬಳು. 55 ಭಾಷೆ ಕೇಳಿ, ಇವರು 55 ಬಗೆಯ ಜೀವಿಗಳು ಎಂದು ಮತ್ತೊಬ್ಬ ವಾದ ಹೂಡಬಹುದು. ತಟ್ಟೆಯಲ್ಲಿ ತಾಯಿ ಮಗುವಿನ ದನಿಯೂ ಇದೆ. ಮುಳ್ಳು ಅಲ್ಲಿಗೆ ಬಂದಾಗ, ಇದು ಆ ಯಂತ್ರವೇ ಅಳುತ್ತಿರುವುದು ಎಂದು ಅಲ್ಲಿಯ ಯಾವುದೋ ಮೊಮ್ಮಗಳು ಅಂದುಕೊಂಡರೆ, ಅಲ್ಲ ಮರಿ, ಬೇರೆ ಯಾರದೋ ಮನೆಯ ಮಗು ಅದು ಎಂದು ಅವಳಜ್ಜಿ ಯಾವ ಸುಳಿವು ಹಿಡಿದು ಹೇಳಿಯಾಳು?